ಮಗಳ ಡಬಲ್ ಬಾಸ್ 'ಮುಕ್ಕಾಲು' ಸೈಜು, ಆದರೂ ಕೈ ನೋವು ಅಂತಾಳೆ. ಗೊತ್ತಿದ್ದವರು ಹೇಳಿ

ಎಡಿಸನ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳಿಗೆ 10 ವರ್ಷ, ಐದನೇ ಕ್ಲಾಸು. ಸ್ಕೂಲಿನ ಆರ್ಕೆಸ್ಟ್ರಾಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ವಯೊಲಿನ್, ವಿಯೋಲಾ, ಚೆಲ್ಲೊ, ಇವೆಲ್ಲಕ್ಕಿಂತ ದೊಡ್ಡದಾದ ಡಬಲ್ ಬಾಸ್ ನಾಲ್ಕನ್ನೂ ಮುಟ್ಟಿ ನೋಡಲು ಬಿಟ್ಟಿದ್ದರು. ಇವಳು ಬಾಸಿನ ದಪ್ಪ ತಂತಿಯನ್ನು ಎಳೆದು ಬಿಟ್ಟಳಂತೆ. "ಅಮ್ಮಾ, ಹೊಟ್ಟೆಯೊಳಗೆ ಗುಂಯ್ ಅಂತು" ಅಂತ ಓಡಿ ಬಂದು ಹೇಳಿದಳು. ಅವತ್ತಿನಿಂದ ಬೇರೆ ವಾದ್ಯದ ಮಾತೇ ಇಲ್ಲ.

ಸ್ಕೂಲಿನ ಬಾಸನ್ನು ಮನೆಗೆ ತರುವಂತಿಲ್ಲ. ಹಾಗಾಗಿ ಒಂದು ಅಂಗಡಿಯಿಂದ ತಿಂಗಳಿಗೆ 55 ಡಾಲರ್ ಬಾಡಿಗೆಗೆ ಇನ್ನೊಂದನ್ನು ತಂದೆವು. ಮುಕ್ಕಾಲು ಸೈಜು. ಎರಡು ತಿಂಗಳಾಯಿತು. ಈಗ ಹತ್ತು ನಿಮಿಷ ನುಡಿಸುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡ ನೋವು ಅಂತಾಳೆ. ಅಂಗಡಿಯವರನ್ನು ಕೇಳಿದರೆ "ಶುರುವಿನಲ್ಲಿ ಎಲ್ಲರಿಗೂ ಹಾಗೇ, ಅಭ್ಯಾಸವಾಗುತ್ತೆ" ಅಂದರು. ಮೈಸೂರಿನಿಂದ ನಮ್ಮ ಅತ್ತೆ ಫೋನಿನಲ್ಲಿ "ಸುಮ್ನೆ ವಯೊಲಿನ್ ಕೊಡಿಸಬಾರದಿತ್ತಾ" ಅಂತಾರೆ. ನನಗೆ ಸಂಗೀತ ಅಷ್ಟು ಗೊತ್ತಿಲ್ಲ. ಬಿಡಿಸಬೇಕಾ, ಮುಂದುವರಿಸಬೇಕಾ?

ಬಾಸ್ ಮೇಷ್ಟ್ರು, ಶಿಕಾಗೊ

ಬಿಡಿಸಬೇಡಿ. ಮೊದಲು ಎರಡು ಅಳತೆ ಹೇಳಿ. ಮಗಳ ಎತ್ತರ ಎಷ್ಟು? ಬಾಸಿನ ಕುತ್ತಿಗೆಯ ಮೇಲ್ತುದಿಯಲ್ಲಿ, ಬಿರಡೆಗಳ ಕೆಳಗೆ, ತಂತಿಗಳು ಹಾದುಹೋಗುವ ಒಂದು ಸಣ್ಣ ಕಪ್ಪು ಪಟ್ಟಿ ಇರುತ್ತೆ. ಅಲ್ಲಿಂದ ಕೆಳಗೆ ಕುದುರೆಯವರೆಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿದಿರುವ ಮರದ ತುಂಡಿನವರೆಗೆ, ಟೇಪು ಹಿಡಿದು ಅಳೆಯಿರಿ.

ಎಡಿಸನ್ ಅಮ್ಮ

ಎತ್ತರ 4 ಅಡಿ 6 ಇಂಚು. ತಂತಿ 41.5 ಇಂಚು.

ಬಾಸ್ ಮೇಷ್ಟ್ರು, ಶಿಕಾಗೊ

ಅಲ್ಲೇ ಇದೆ ತೊಂದರೆ. ನಿಮ್ಮ ಮಗಳು ದೊಡ್ಡವರ ವಾದ್ಯ ನುಡಿಸುತ್ತಿದ್ದಾಳೆ.

ವಯೊಲಿನ್ ಕಂಡವರಿಗೆ ಮುಕ್ಕಾಲು ಅಂದರೆ ಮಕ್ಕಳದ್ದು. ಬಾಸಿನಲ್ಲಿ ಹಾಗಲ್ಲ. ಇಲ್ಲಿ ಮುಕ್ಕಾಲೇ ಪೂರ್ತಿ ಸೈಜು. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಆರಡಿ ಆಳುಗಳೂ ಬಹುತೇಕ ಮುಕ್ಕಾಲನ್ನೇ ಹಿಡಿದಿರುತ್ತಾರೆ. 'ನಾಲ್ಕಕ್ಕೆ ನಾಲ್ಕು' ಸಿಗುವುದೇ ಅಪರೂಪ. ಮಕ್ಕಳಿಗೆ ಅರ್ಧ, ಕಾಲು, ಅರೆಕಾಲು, ಅದಕ್ಕಿಂತ ಚಿಕ್ಕದೂ ಇವೆ. ಅರ್ಧದ ತಂತಿ ಸುಮಾರು 38 ಇಂಚು, ಕಾಲಿನದ್ದು 35–36. ಮಾಡಿದವರಿಗೆ ತಕ್ಕಂತೆ ಒಂದೆರಡು ಇಂಚು ಆಚೀಚೆ. ನಾಲ್ಕೂವರೆ ಅಡಿ ಮಗುವಿಗೆ ಕಾಲು ಸೈಜು ಸರಿಹೋಗುತ್ತೆ. ಕೈ ಸ್ವಲ್ಪ ದೊಡ್ಡದಿದ್ದರೆ ಅರ್ಧ ಹಾಕಿ ನೋಡಬಹುದು.

ಐದಾರು ಇಂಚಿಗೆ ಇಷ್ಟೊಂದಾ ಅನ್ನಬೇಡಿ. ಬಾಸಿನಲ್ಲಿ ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದು ಪೂರ್ತಿ ಸ್ವರದ ಅಂತರ ಹಿಡಿಯಬೇಕು. ಸ-ರಿ ಅನ್ನುವಷ್ಟು. ಮೊದಲ ಪೊಸಿಷನ್ನಿನಲ್ಲಿ, ಅಂದರೆ ಕೈ ಕುತ್ತಿಗೆಯ ಮೇಲ್ತುದಿಯ ಹತ್ತಿರ ಇದ್ದಾಗ, ಆ ಅಂತರ ವಯೊಲಿನ್ನಿನ ಮೇಲೆ ಒಂದೂಕಾಲು ಇಂಚು. ನಿಮ್ಮ ಮನೆಯ ಬಾಸಿನ ಮೇಲೆ 4 ಇಂಚು. ಕಾಲು ಸೈಜಿನದ್ದರ ಮೇಲೆ ಮೂರೂವರೆ. ಸ್ಕೇಲು ತಗೊಂಡು ಮಗಳ ಕೈ ಪಕ್ಕ ಇಟ್ಟು ನೋಡಿ. ಆ ಅರ್ಧ ಇಂಚನ್ನು ಮುಟ್ಟಲು ಅವಳು ಬೆರಳು ಕಿತ್ತು ಹೋಗುವಂತೆ ಚಾಚುತ್ತಾಳೆ. ಚಾಚಿದ ಕೈಗೆ ಬಲ ಇರುವುದಿಲ್ಲ. ಹಾಗಾಗಿ ಹೆಬ್ಬೆರಳಿನಿಂದ ಹಿಂದಿನಿಂದ ಹಿಂಡುತ್ತಾಳೆ. ನೋವು ಬರುತ್ತಿರುವುದು ಅಲ್ಲಿಂದ.

ಮೀಟಿ ಮೀಟಿ ಬೆರಳ ತುದಿ ಉರಿಯುವುದು, ಚರ್ಮ ಗಟ್ಟಿಯಾಗುವುದು ಎಲ್ಲರಿಗೂ ಆಗುತ್ತೆ. ಆದರೆ ಹೆಬ್ಬೆರಳ ಬುಡ, ಮಣಿಕಟ್ಟು, ಭುಜ, ಬೆನ್ನು ನೋಯಬಾರದು. ಅದು ಅಭ್ಯಾಸವಾಗುವ ನೋವಲ್ಲ. ನಾಳೆಯೇ ಅಂಗಡಿಗೆ ಹೋಗಿ ಬದಲಾಯಿಸಿ. ಬಾಡಿಗೆಯದ್ದಾದ್ದರಿಂದ ಸೈಜು ಬದಲಾಯಿಸಲು ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನೊಂದು. ಹೊಸದನ್ನು ತಂದಾಗ ಬೆರಳು ಹಲಗೆಯ ಕೆಳತುದಿಯಲ್ಲಿ ತಂತಿ ಎಷ್ಟು ಎತ್ತರ ಇದೆ ಅಂತ ನೋಡಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಮಗುವಿನ ಕೈಗೆ ಅದು ಶಿಕ್ಷೆ. ಕುದುರೆಯನ್ನು ತಗ್ಗಿಸಿಕೊಡಿ ಅಂತ ಕೇಳಿ. ಕುದುರೆಗೆ ತಿರುಪು ಇರುವ ಬಾಸ್ ಸಿಕ್ಕರೆ ಇನ್ನೂ ಒಳ್ಳೆಯದು.

ರೆಡಿಂಗ್ ಅಪ್ಪ

ನಮ್ಮದು ಇಂಗ್ಲೆಂಡ್. ಮೇಷ್ಟ್ರ ಮಾತಿಗೆ ನನ್ನದೂ ಒಂದು ಓಟು. ಇಲ್ಲಿ 1980ರ ದಶಕದಲ್ಲಿ ರಾಡ್ನಿ ಸ್ಲ್ಯಾಟ್‌ಫರ್ಡ್ ಅನ್ನುವ ಬಾಸ್ ವಾದಕರು ಮಕ್ಕಳಿಗೆಂದೇ ಮಿನಿ ಬಾಸ್ ತಂದರು. ಅಲ್ಲಿಯವರೆಗೆ ಮಕ್ಕಳು ಬೆಳೆದು ದೊಡ್ಡವರಾಗುವವರೆಗೆ ಕಾಯಬೇಕಿತ್ತು. ನನ್ನ ಮಗ ಏಳು ವರ್ಷಕ್ಕೇ ಶುರು ಮಾಡಿದ. ಅವನ ಮೊದಲ ಬಾಸ್ ದೊಡ್ಡ ಚೆಲ್ಲೊ ತರ ಇತ್ತು.

ನಾನು ಮಾಡಿದ ಎರಡು ತಪ್ಪು ಹೇಳಿಬಿಡುತ್ತೇನೆ. ಬೇರೆಯವರು ಮಾಡದಿರಲಿ.

ಒಂದು: ಹೊಸ ತಂತಿ ಹಾಕೋಣ ಅಂತ ನಾಲ್ಕೂ ತಂತಿಗಳನ್ನು ಒಟ್ಟಿಗೆ ಸಡಿಲ ಮಾಡಿದೆ. ಒಳಗೆ ಟಣ್ ಅಂತ ಶಬ್ದ. ಬಾಸಿನ ಹೊಟ್ಟೆಯೊಳಗೆ ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಒಂದು ಮರದ ಕಡ್ಡಿ ನಿಂತಿರುತ್ತೆ. ಅದಕ್ಕೆ ಅಂಟು ಇರುವುದಿಲ್ಲ. ತಂತಿಯ ಒತ್ತಡದಿಂದಲೇ ನಿಂತಿರುವುದು. ಅದು ಬಿದ್ದುಹೋಯಿತು. ರಿಪೇರಿಯವರು ನಿಲ್ಲಿಸಿಕೊಟ್ಟರು, ದುಡ್ಡೂ ಹೋಯಿತು. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಆ ಕಡ್ಡಿ ಬಿದ್ದರೆ ಮತ್ತೆ ತಂತಿ ಬಿಗಿಯಬೇಡಿ, ಮೇಲಿನ ಹಲಗೆ ಸೀಳುತ್ತೆ.

ಎರಡನೆಯದು ದೊಡ್ಡದು. ಗ್ರೇಡ್ ಪರೀಕ್ಷೆ, ಅಂದರೆ ಹಂತಹಂತದ ಸಂಗೀತ ಪರೀಕ್ಷೆ. ವರ್ಷಕ್ಕೊಂದು ಗ್ರೇಡ್ ಮುಗಿಸಲೇಬೇಕು ಅಂತ ಹಟ ಹಿಡಿದೆ. ವರ್ಷವಿಡೀ ಮೂರೇ ತುಣುಕು ನುಡಿಸಿ ನುಡಿಸಿ ಹುಡುಗನಿಗೆ ಬೇಸರ ಬಂತು. ಐದನೇ ಗ್ರೇಡ್ ಪಾಸಾದ ದಿನವೇ "ಸಾಕಪ್ಪಾ" ಅಂದ. ಎಂಟು ತಿಂಗಳು ಬಾಸ್ ಮೂಲೆಯಲ್ಲಿತ್ತು. ಆಮೇಲೆ ಅವನ ಫ್ರೆಂಡ್ಸ್ ಜಾಜ್ ಗುಂಪಿಗೆ ಬಾಸ್ ಬೇಕು ಅಂತ ಕರೆದರು. ಬೋ (ಕಮಾನು) ಬಿಟ್ಟು ಬೆರಳಲ್ಲಿ ಮೀಟುತ್ತಾ ಮತ್ತೆ ಶುರು ಮಾಡಿದ. ಈಗ ಎರಡೂ ಮಾಡುತ್ತಾನೆ. ನಾನು ಕಾರು ಓಡಿಸುತ್ತೇನೆ, ಅಷ್ಟೇ.

ಪ್ಲೇನೊ ಅಮ್ಮ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಟೆಕ್ಸಸ್ಸಿನಲ್ಲಿ ಪೈಪೋಟಿ ಜಾಸ್ತಿ. ರೀಜನ್ ಆಡಿಷನ್‌ಗೆ, ಅಂದರೆ ನಮ್ಮ ಭಾಗದ ಸ್ಕೂಲು ಮಕ್ಕಳ ಆರ್ಕೆಸ್ಟ್ರಾದ ಆಯ್ಕೆಗೆ, ಸಿಮಾಂಡ್ಲ್‌ ಅವರ ಪಾಠಗಳಂಥವು ಬರುತ್ತವೆ. ನನ್ನ ಮಗಳು ಏಳನೇ ಕ್ಲಾಸಿನಿಂದ ದಿನಾ ಒಂದು ಗಂಟೆ ಕೂರುತ್ತಾಳೆ. ಹತ್ತು ನಿಮಿಷಕ್ಕೇ ನಿಲ್ಲಿಸಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಮಕ್ಕಳಿಗೆ ಶಿಸ್ತು ಬೇಕಲ್ವಾ?

ಬಾಸ್ ಮೇಷ್ಟ್ರು, ಶಿಕಾಗೊ

ಶಿಸ್ತು ಬೇಕು, ಒಪ್ಪಿದೆ. ನಿಮ್ಮ ಮಗಳು ಒಂದು ಗಂಟೆ ಕೂರಲು ಶುರು ಮಾಡಿದ್ದು ಏಳನೇ ಕ್ಲಾಸಿನಲ್ಲಿ, ಅವಳ ಮೈ ತಯಾರಾಗಿತ್ತು. ಐದನೇ ಕ್ಲಾಸಿನ ಮಗುವಿಗೆ ಎರಡನೇ ತಿಂಗಳಲ್ಲಿ ಒಂದು ಗಂಟೆ ಹೇಳಿದರೆ ತಪ್ಪು ಭಂಗಿಯೇ ಗಟ್ಟಿಯಾಗುತ್ತೆ. ನಾನು ನನ್ನ ಚಿಕ್ಕ ವಿದ್ಯಾರ್ಥಿಗಳಿಗೆ ಹೇಳುವುದು: ಸ್ಕೂಲಿಗೆ ಹೋಗುವ ಮುಂಚೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ನಡುವೆ ಕೈಗೆ ಬಿಡುವು. ಮೊದಲ ಐದು ನಿಮಿಷ ಎಡಗೈ ಕೆಲಸವೇ ಇಲ್ಲ. ಬರೀ ಖಾಲಿ ತಂತಿ, ಉದ್ದ ಬೋ. ಒಂದೇ ಸ್ವರ, ನಿಧಾನ, ಶುರುವಿನಿಂದ ಕೊನೆಯವರೆಗೆ ಒಂದೇ ದಪ್ಪ. ನಲವತ್ತು ವರ್ಷ ನುಡಿಸಿದವರೂ ಬೆಳಿಗ್ಗೆ ಅದನ್ನೇ ಮಾಡುತ್ತಾರೆ.

ಸಿಮಾಂಡ್ಲ್ ಹೆಸರು ಬಂದದ್ದಕ್ಕೆ ಒಂದು ಮಾತು. ಅವರು 1840ರಿಂದ 1912ರವರೆಗೆ ಬದುಕಿದ್ದವರು, ವಿಯೆನ್ನಾದಲ್ಲಿ ಕಲಿಸಿದವರು. ಒಂದು, ಎರಡು, ನಾಲ್ಕು ಬೆರಳಲ್ಲಿ (ತೋರುಬೆರಳು, ನಡುಬೆರಳು, ಕಿರುಬೆರಳು) ಹಿಡಿಯುವ ಪದ್ಧತಿ ಅವರ ಪಾಠಗಳಿಂದಲೇ ಎಲ್ಲೆಡೆ ಹರಡಿತು. ಉಂಗುರ ಬೆರಳು ಕಿರುಬೆರಳಿಗೆ ಜೊತೆಗಾರ, ಕೆಳಗಿನ ಪೊಸಿಷನ್‌ಗಳಲ್ಲಿ ತನ್ನಷ್ಟಕ್ಕೆ ತಂತಿ ಒತ್ತುವುದಿಲ್ಲ. ಇನ್ನೊಂದು ದಾರಿ ಫ್ರಾನ್ಸ್ವಾ ರಬ್ಬಾತ್ ಅವರದ್ದು. ಸಿರಿಯಾದ ಅಲೆಪ್ಪೊದಲ್ಲಿ 1931ರಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಹೋದವರು. ಅವರು ಹೆಬ್ಬೆರಳನ್ನು ಒಂದೇ ಕಡೆ ಇಟ್ಟು ಕೈಯನ್ನು ಅದರ ಸುತ್ತ ತಿರುಗಿಸಲು ಹೇಳುತ್ತಾರೆ. ಅಮೆರಿಕದಲ್ಲಿ ಜಾರ್ಜ್ ವಾನ್ಸ್ ಅನ್ನುವವರು ಆ ದಾರಿಯನ್ನು ಪುಟ್ಟ ಮಕ್ಕಳಿಗೆ ಹೊಂದಿಸಿದರು. ಮೇಷ್ಟ್ರು ಯಾವ ದಾರಿಯವರಾದರೂ ಪರವಾಗಿಲ್ಲ. ಒಂದು ವರ್ಷ ಒಬ್ಬರ ಹತ್ತಿರವೇ ಇರಿ. ಯೂಟ್ಯೂಬ್ ನೋಡಿ ಬೆರಳು ಬದಲಿಸಬೇಡಿ.

ಎಡಿಸನ್ ಅಮ್ಮನಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ. ಮಗಳು ಒಂದು ಸ್ವರ ಹಿಡಿದಿರುವಾಗ "ಹೆಬ್ಬೆರಳು ತೆಗಿ" ಅನ್ನಿ. ಸ್ವರ ಹಾಗೇ ನಿಂತರೆ ತೋಳಿನ ಭಾರದಿಂದ ಒತ್ತುತ್ತಿದ್ದಾಳೆ, ಸರಿ. ಸ್ವರ ಸತ್ತರೆ ಹಿಂಡುತ್ತಿದ್ದಾಳೆ. ಮೊಣಕೈ ಮೈಗೆ ಅಂಟಿದ್ದರೂ ಹೀಗೇ ಆಗುತ್ತೆ. ತುಂಬಿದ ಕೊಡ ಹಿಡಿದಾಗ ತೋಳು ತಾನಾಗಿ ಜೋತುಬೀಳುತ್ತಲ್ಲ, ಆ ಭಾರ ಬೆರಳಿನ ಮೂಲಕ ತಂತಿಗೆ ಇಳಿಯಬೇಕು.

ಎಡಿಸನ್ ಅಮ್ಮ

ಈಗಷ್ಟೇ ಮಾಡಿಸಿದೆ. ಹೆಬ್ಬೆರಳು ತೆಗೆದ ತಕ್ಷಣ ಸ್ವರ ಬುಸ್ ಅಂತ ಹೋಯಿತು. ಶನಿವಾರ ಅಂಗಡಿಗೆ ಹೋಗುತ್ತೇವೆ. ಮುಕ್ಕಾಲು ಅಂದರೆ ಚಿಕ್ಕದು ಅಂದುಕೊಂಡು ಎರಡು ತಿಂಗಳು ಮಗುವನ್ನು ನೋಯಿಸಿದೆ ಅಂತ ತುಂಬಾ ಬೇಸರವಾಗುತ್ತಿದೆ.

ಮೈಸೂರಿನ ಅಜ್ಜಿ

ನಾನೇ ಆ ಅತ್ತೆ. ಸೊಸೆ ಇದನ್ನು ಓದಲು ಕಳಿಸಿದಳು. ನಾನು ಮೂವತ್ತು ವರ್ಷ ವಯೊಲಿನ್ ಹೇಳಿಕೊಟ್ಟವಳು. ಹಾಗಾಗಿ ವಯೊಲಿನ್ ಅಂದೆ. ತಪ್ಪು ತಿಳಿಯಬೇಡಿ. ನನಗೆ ಒಂದು ಸಂಶಯ. ಈ ವಾದ್ಯದಲ್ಲಿ ನಮ್ಮ ಸರಳೆ ನುಡಿಸಬಹುದಾ? ಶ್ರುತಿ ಹೇಗೆ ಕೂಡಿಸುತ್ತಾರೆ?

ಬಾಸ್ ಮೇಷ್ಟ್ರು, ಶಿಕಾಗೊ

ಅಜ್ಜಿ, ನಮಸ್ಕಾರ. ನೀವು ಬಂದದ್ದು ತುಂಬಾ ಸಂತೋಷ.

ನಿಮ್ಮ ವಯೊಲಿನ್ನಿನಲ್ಲಿ ತಂತಿಗಳು ಸ-ಪ-ಸ-ಪ. ಪಶ್ಚಿಮದವರ ವಯೊಲಿನ್ನಿನಲ್ಲಿ ಪಕ್ಕಪಕ್ಕದ ತಂತಿಗಳು ಸ-ಪ ಅಂತರ. ಬಾಸಿನಲ್ಲಿ ಸ-ಮ. ಕೆಳಗಿನಿಂದ ಇ, ಎ, ಡಿ, ಜಿ. ಇ ತಂತಿಯನ್ನು ಸ ಅಂದುಕೊಂಡರೆ ಎ ತಂತಿ ಅದರ ಶುದ್ಧ ಮಧ್ಯಮ. ಪಂಚಮಕ್ಕೆ ಕೂಡಿಸಿದರೆ ಈ ಉದ್ದದ ತಂತಿಯ ಮೇಲೆ ಕೈ ತುಂಬಾ ಓಡಾಡಬೇಕಾಗುತ್ತೆ. ಮಧ್ಯಮಕ್ಕೆ ಕೂಡಿಸಿದ್ದರಿಂದ ಸ್ವರಗಳು ಹತ್ತಿರ ಸಿಗುತ್ತವೆ.

ಸರಳೆ ಖಂಡಿತ ನುಡಿಸಬಹುದು. ಮಾಯಾಮಾಳವಗೌಳ ಮೊದಲು ಬೇಡ, ಅದಕ್ಕೆ ಕೈ ಮೇಲೆ ಕೆಳಗೆ ಸರಿಯಬೇಕು. ಶಂಕರಾಭರಣ ಹಿಡಿಯಿರಿ. ಕೆಳಗಿನ ದಪ್ಪ ತಂತಿಯಲ್ಲಿ ಎರಡನೇ ಬೆರಳು ಸ. ಮುಂದಿನ ತಂತಿ ಖಾಲಿ, ಅದು ರಿ. ಅದರ ಮೇಲೆ ಒಂದನೇ ಬೆರಳು ಗ, ಎರಡನೇ ಬೆರಳು ಮ. ಮೂರನೇ ತಂತಿ ಖಾಲಿ, ಪ. ಅದರ ಮೇಲೆ ಒಂದು ದ, ನಾಲ್ಕು ನಿ. ಕೊನೆಯ ತಂತಿ ಖಾಲಿ, ಮೇಲಿನ ಸ. ಕೈ ಒಂದು ಕೂದಲೆಳೆಯೂ ಸರಿಯಬೇಕಿಲ್ಲ. ಸ್ಕೂಲಿನಲ್ಲಿ ಇದನ್ನೇ ಜಿ ಮೇಜರ್ ಅಂತ ಕಲಿಸುತ್ತಾರೆ.

ನಿಮ್ಮಿಂದ ಒಂದು ಸಹಾಯ ಬೇಕು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಜಿ ಶ್ರುತಿ ಇಟ್ಟುಕೊಂಡು ಮೊಮ್ಮಗಳ ಜೊತೆ ವಾರಕ್ಕೊಮ್ಮೆ ಕೂರಿ. ಬಾಸಿನಲ್ಲಿ ವೀಣೆಯ ಹಾಗೆ ಮೆಟ್ಟಿಲು ಇಲ್ಲ. ಕಿವಿಯೇ ಮೆಟ್ಟಿಲು. ಇಲ್ಲಿನ ಬಾಸ್ ವಾದಕರಲ್ಲೂ ತಂಬೂರಿ ನಾದ ಹಾಕಿಕೊಂಡು ಶ್ರುತಿ ಸಾಧನೆ ಮಾಡುವವರು ಇದ್ದಾರೆ. ಬಾಸ್ ವಾದಕ ಎಡ್ಗರ್ ಮೇಯರ್ ನಮ್ಮ ಜಾಕಿರ್ ಹುಸೇನ್ ಜೊತೆ ವರ್ಷಗಟ್ಟಲೆ ನುಡಿಸಿದರು. ಬ್ಯಾಂಜೊದ ಬೇಲಾ ಫ್ಲೆಕ್ ಮತ್ತು ಕೊಳಲಿನ ರಾಕೇಶ್ ಚೌರಾಸಿಯಾ ಅವರೂ ಜೊತೆ ಸೇರಿ 2024ರಲ್ಲಿ ಗ್ರ್ಯಾಮಿ ಪಡೆದರು. ಆ ಆಲ್ಬಮ್ಮಿನಲ್ಲಿ ಬಾಸ್ ಬೋ ಹಿಡಿದು ಹಾಡುವುದನ್ನು ಕೇಳಿ, ನಿಮಗೆ ಇಷ್ಟವಾಗುತ್ತೆ.

ಕಾಲೇಜು ಹುಡುಗ, ಬಾಸ್ 9 ವರ್ಷ

ಅಜ್ಜಿ ವಿಡಿಯೋ ಕಾಲಿನಲ್ಲಿ ಕೇಳುವುದಾದರೆ ಎರಡು ವಿಷಯ. ಬಾಸಿನ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್. ಫೋನಿನ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ. ಒಳ್ಳೆ ಹೆಡ್‌ಫೋನ್ ಹಾಕಿ. ಮತ್ತೆ ವಿಡಿಯೋ ಕಾಲಿನ ಆ್ಯಪ್ ಬಾಸ್ ಸದ್ದನ್ನು ಫ್ಯಾನಿನ ಗದ್ದಲ ಅಂದುಕೊಂಡು ಕತ್ತರಿಸಿಬಿಡುತ್ತೆ. ಸೆಟ್ಟಿಂಗಿನಲ್ಲಿ ಗದ್ದಲ ತಡೆಯುವುದನ್ನು ಆಫ್ ಮಾಡಿ. ನಾನು ಲಾಕ್‌ಡೌನ್ ಸಮಯದಲ್ಲಿ ಎರಡು ತಿಂಗಳು ಇದು ಗೊತ್ತಿಲ್ಲದೆ ಒದ್ದಾಡಿದೆ. ಶ್ರುತಿ ನೋಡಲು ಕುದುರೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ತಗೊಳ್ಳಿ. ಅದು ಮರದ ಕಂಪನ ಹಿಡಿಯುತ್ತೆ, ಫೋನಿಗಿಂತ ವಾಸಿ.

ಸ್ಕೂಲಿನಲ್ಲಿ ಬಾಸ್ ಹುಡುಗರ ವಾದ್ಯ ಅಂತ ಯಾರಾದರೂ ಹೇಳಿದರೆ ಮಗಳಿಗೆ ಆರಿನ್ ಓಬ್ರಯನ್ ಬಗ್ಗೆ ಹೇಳಿ. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾಕ್ಕೆ 1966ರಲ್ಲಿ ಪೂರ್ಣಾವಧಿಗೆ ಸೇರಿದಾಗ ಅಲ್ಲಿದ್ದ ಒಬ್ಬರೇ ಹೆಂಗಸು ಅವರು. ನುಡಿಸುತ್ತಿದ್ದದ್ದು ವಯೊಲಿನ್ ಅಲ್ಲ, ಡಬಲ್ ಬಾಸ್.

ಪ್ಲೇನೊ ಅಮ್ಮ

ಬಾಸ್ ನುಡಿಸುವವರು ಕಡಿಮೆ, ಹಾಗಾಗಿ ಕಾಲೇಜಿಗೆ ಸುಲಭ, ಸ್ಕಾಲರ್‌ಶಿಪ್ ಸಿಗುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇದು ನಿಜವಾ?

ಬಾಸ್ ಮೇಷ್ಟ್ರು, ಶಿಕಾಗೊ

ಅರ್ಧ ನಿಜ. ಸ್ಕೂಲಿನ ಮತ್ತು ಯೂತ್ ಆರ್ಕೆಸ್ಟ್ರಾಗಳಲ್ಲಿ ಬಾಸ್ ಮಕ್ಕಳಿಗೆ ಬೇಗ ಜಾಗ ಸಿಗುತ್ತೆ. ಹಳೇ ಉದಾಹರಣೆಗಳೂ ಇವೆ. ಇಟಲಿಯ ಬೊಟ್ಟೆಸಿನಿ 1835ರಲ್ಲಿ ಮಿಲಾನ್ ಸಂಗೀತ ಶಾಲೆಗೆ ಸೇರಲು ಹೋದಾಗ ಉಚಿತ ಸೀಟು ಉಳಿದಿದ್ದದ್ದು ಬಸೂನ್ ಮತ್ತು ಬಾಸ್ ಎರಡಕ್ಕೆ ಮಾತ್ರ. ಹುಡುಗ ಕೆಲವೇ ವಾರದಲ್ಲಿ ಬಾಸ್ ಕಲಿತು ಸೇರಿಕೊಂಡ. ಮುಂದೆ ಯುರೋಪಿಗೇ ದೊಡ್ಡ ಬಾಸ್ ವಾದಕನಾದ. 1871ರಲ್ಲಿ ಕೈರೊದಲ್ಲಿ ವೆರ್ಡಿಯ ಐದಾ ಒಪೆರಾದ (ಸಂಗೀತ ನಾಟಕದ) ಮೊದಲ ಪ್ರದರ್ಶನದಲ್ಲಿ ಆರ್ಕೆಸ್ಟ್ರಾವನ್ನು ನಡೆಸಿದ್ದೂ ಅವನೇ. ಬಾಸ್ಟನ್ ಆರ್ಕೆಸ್ಟ್ರಾವನ್ನು ಬೆಳೆಸಿದ ಕುಸೆವಿಟ್ಸ್ಕಿಯೂ ಮಾಸ್ಕೋದಲ್ಲಿ ಬಾಸ್ ವಿದ್ಯಾರ್ಥಿವೇತನದಿಂದಲೇ ಒಳಗೆ ಬಂದವರು.

ಆದರೆ ಬೊಟ್ಟೆಸಿನಿ ಆ ಹೊತ್ತಿಗೆ ಸಂಗೀತದಲ್ಲೇ ಬೆಳೆದಿದ್ದ ಹುಡುಗ. ಅಪ್ಪ ಕ್ಲಾರಿನೆಟ್ ವಾದಕ. ಸೀಟು ಖಾಲಿ ಇತ್ತು ಅನ್ನುವುದೊಂದೇ ಅವನನ್ನು ಬೆಳೆಸಲಿಲ್ಲ. ಇಂದು ಒಳ್ಳೆ ಕಾಲೇಜುಗಳಲ್ಲಿ ಬಾಸಿಗೂ ಪೈಪೋಟಿ ಇದೆ. ಸ್ಕಾಲರ್‌ಶಿಪ್ ಲೆಕ್ಕ ಹಾಕಿ ಮಗುವಿನ ಕೈಗೆ ಬಾಸ್ ಕೊಟ್ಟರೆ ಮಗುವಿಗೆ ಅದು ಗೊತ್ತಾಗುತ್ತೆ. ಹೊಟ್ಟೆಯೊಳಗೆ ಗುಂಯ್ ಅಂದದ್ದಕ್ಕೆ ಆರಿಸಿಕೊಂಡ ಮಗು ಬೇರೆ. ಆ ಮಗುವನ್ನು ನೋವಿಲ್ಲದೆ ಮುಂದೆ ಕಳಿಸುವುದು ನಮ್ಮ ಕೆಲಸ.

ಜಯನಗರದಿಂದ

ಬೆಂಗಳೂರಿನಲ್ಲಿ 9 ವರ್ಷದ ಮಗನಿಗೆ ಇದನ್ನು ಕಲಿಸಬಹುದಾ?

ಬಾಸ್ ಮೇಷ್ಟ್ರು, ಶಿಕಾಗೊ

ಮಕ್ಕಳ ಸೈಜಿನ ಬಾಸ್ ಅಲ್ಲಿ ಸಿಗುವುದು ಕಷ್ಟ. ಅದಕ್ಕೇ ಸದ್ಯಕ್ಕೆ ಚೆಲ್ಲೊ ಶುರು ಮಾಡಿಸಿ. ಬೋ ಹಿಡಿಯುವುದು, ಕಿವಿ, ಕೆಳಗಿನ ಸ್ವರಗಳ ಓದು ಎಲ್ಲ ಮುಂದೆ ಬಾಸಿಗೆ ಬರುತ್ತೆ. ಜಾಜ್ ಬಾಸ್ ವಾದಕ ರಾನ್ ಕಾರ್ಟರ್ ಕೂಡ ಮೊದಲು ನುಡಿಸಿದ್ದು ಚೆಲ್ಲೊ. 1987ರಿಂದ ಇರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ವಿಚಾರಿಸಿ. ಮುಂಬೈಗೆ ಹೋದಾಗ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಸಂಗೀತ ಕಛೇರಿಗೆ ಕರೆದುಕೊಂಡು ಹೋಗಿ, ಬಾಸ್‌ಗಳು ಕಾಣುವ ಕಡೆ ಕೂರಿಸಿ.

ಎಡಿಸನ್ ಅಮ್ಮ (ಐದು ವಾರದ ನಂತರ)

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕಾಲು ಸೈಜು ತಂದೆವು. ಪ್ಲೈವುಡ್ಡಿನದ್ದು. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಸೀಳುವ ಭಯ ಕಡಿಮೆ ಅಂದರು. ಕುದುರೆ ತಗ್ಗಿಸಿಕೊಟ್ಟರು. ಬಾಸನ್ನು ನೆಲಕ್ಕೆ ಊರುವ ಕೆಳಗಿನ ಕಡ್ಡಿ ಎಳೆದು ಎತ್ತರ ಹೊಂದಿಸಿದಾಗ ತಂತಿಯ ಮೇಲ್ತುದಿ ಅವಳ ಹಣೆಯ ಹತ್ತಿರ ಬಂತು. ಬಲಗೈ ಜೋತುಬಿಟ್ಟರೆ ಬೋ ಸರಿಯಾಗಿ ಕುದುರೆಗೂ ಹಲಗೆಗೂ ನಡುವೆ ಬೀಳುತ್ತೆ. ಮೊದಲ ದಿನ ನುಡಿಸಿದವಳು ನಿಲ್ಲಿಸಿ ನನ್ನನ್ನು ನೋಡಿದಳು. "ಅಮ್ಮಾ, ಇದು ನನ್ನ ಸೈಜು" ಅಂದಳು. ನೋವು ಎರಡು ವಾರದಲ್ಲಿ ಹೋಯಿತು. ಹೆಬ್ಬೆರಳ ಪರೀಕ್ಷೆಯನ್ನು ಈಗ ಅವಳೇ ಮಾಡಿಕೊಳ್ಳುತ್ತಾಳೆ.

ಭಾನುವಾರ ಬೆಳಿಗ್ಗೆ ಅಜ್ಜಿ ಮೈಸೂರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಅವರಿಗೆ ಆಗ ಸಂಜೆ. ಶಂಕರಾಭರಣದ ಸರಳೆ ಎರಡನೇ ಕಾಲಕ್ಕೆ ಬಂದಿದೆ. "ಗ ಸ್ವಲ್ಪ ಕೆಳಗಿದೆ ಪುಟ್ಟಿ" ಅಂದರೆ ಇವಳು ಬೆರಳು ಒಂದು ನೂಲಿನಷ್ಟು ಜರುಗಿಸುತ್ತಾಳೆ. ತಂಬೂರಿಗೆ ಸೇರಿದ ತಕ್ಷಣ ಇಡೀ ಬಾಸ್ ನಡುಗುತ್ತೆ. ನಾನು ಹಿಂದಿನ ಹಲಗೆಗೆ ಕೈ ಇಟ್ಟು ನೋಡಿದೆ. ಅಂಗೈಗೇ ಗೊತ್ತಾಗುತ್ತೆ.

ಒಂದು ಪ್ರಶ್ನೆ ಉಳಿದಿದೆ. ಡಿಸೆಂಬರಿನಲ್ಲಿ ಸ್ಕೂಲಿನ ಕಾರ್ಯಕ್ರಮ. ಸ್ಕೂಲಿನ ಬಾಸ್ ಮುಕ್ಕಾಲು. ಅವತ್ತು ಮನೆಯದ್ದನ್ನು ಒಯ್ಯಬಹುದಾ? ನಮ್ಮದು ಸಣ್ಣ ಕಾರು.

ಬಾಸ್ ಮೇಷ್ಟ್ರು, ಶಿಕಾಗೊ

ಓದಿ ಕಣ್ಣು ತುಂಬಿತು. ಮನೆಯದ್ದನ್ನೇ ಒಯ್ಯಿರಿ, ಟೀಚರಿಗೆ ಮುಂಚೆ ಒಂದು ಮಾತು ಹೇಳಿ. ದಿನದ ರಿಹರ್ಸಲ್‌ಗೂ ಸ್ಕೂಲಿನಲ್ಲಿ ಚಿಕ್ಕದು ತರಿಸಬಹುದಾ ಅಂತ ಕೇಳಿ, ಬೇರೆ ಮಕ್ಕಳಿಗೂ ಉಪಯೋಗವಾಗುತ್ತೆ.

ಕಾಲು ಸೈಜು ಸಣ್ಣ ಕಾರಿಗೂ ಹಿಡಿಯುತ್ತೆ. ಹಿಂದಿನ ಸೀಟು ಮಡಚಿ. ಕೆಳಗಿನ ಕಡ್ಡಿ ಒಳಗೆ ತಳ್ಳಿ. ಕುತ್ತಿಗೆ ಮುಂದೆ, ಹೊಟ್ಟೆ ಹಿಂದೆ. ಬಾಸನ್ನು ಪಕ್ಕಕ್ಕೆ ಮಲಗಿಸಿ, ಕುದುರೆಯ ಮೇಲೆ ಯಾವತ್ತೂ ಬೋರಲು ಹಾಕಬೇಡಿ. ಕುತ್ತಿಗೆಯ ತುದಿಯ ಸುರುಳಿಯ ಕೆಳಗೆ ದಿಂಬು. ಬೋ ಅದರ ಪೆಟ್ಟಿಗೆಯಲ್ಲಿ ಬೇರೆ, ಕೂದಲು ಸಡಿಲ ಮಾಡಿ. ಹಾಲ್ ತಣ್ಣಗಿದ್ದರೆ ಅರ್ಧ ಗಂಟೆ ಮುಂಚೆ ಹೋಗಿ, ಮರ ಆ ಹವೆಗೆ ಹೊಂದಿಕೊಳ್ಳಲಿ. ಕಡ್ಡಿಯ ತುದಿ ಜಾರದಂತೆ ರಬ್ಬರ್ ಬಿಲ್ಲೆ ಇಟ್ಟುಕೊಳ್ಳಿ.

ಬೋ ಕೂದಲಿಗೆ ಉಜ್ಜುವ ರಾಳ, ಅಂದರೆ ರೋಸಿನ್, ಅದರ ಡಬ್ಬಿ ಮಾತ್ರ ಮಗಳ ಜೇಬಿನಲ್ಲಿರಲಿ. ಬಾಸಿನ ರೋಸಿನ್ ಬೆಲ್ಲದ ಪಾಕದಂತೆ ಮೆತ್ತಗಿರುತ್ತೆ, ವಯೊಲಿನ್ ಮಕ್ಕಳ ಹತ್ತಿರ ಕೇಳಿದರೆ ಸಿಗುವುದು ಬೇರೆಯದ್ದು. ಅಜ್ಜಿಗೆ ರೆಕಾರ್ಡ್ ಮಾಡಿ ಕಳಿಸಿ. ಫೋನನ್ನು ಬಾಸ್‌ಗಳ ಹತ್ತಿರದ ಸಾಲಿನಿಂದ ಹಿಡಿಯಿರಿ.